ವನಜಾಕ್ಷಿಯ ಲೈಸೆನ್ಸು

ಕಾರು ಹಿಂದಕ್ಕೆ ಹೋಗಬೇಕಿತ್ತು, ಹೋಯಿತು. ಆದರೆ ಹಿಂದೆ ಇನ್‌ಸ್ಪೆಕ್ಟರರ ಊಟದ ಡಬ್ಬಿಯಿತ್ತು. ಮಧುಗಿರಿಯ ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ ಚಿತ್ರಾನ್ನ ಚಿತ್ರವಿಚಿತ್ರವಾಗಿ ಹರಡಿಕೊಂಡಿತು. ಸ್ಟೇರಿಂಗ್ ಹಿಡಿದಿದ್ದ ಮಿಡಿಗೇಶಿಯ ವನಜಾಕ್ಷಿ ಇಳಿದು ಬಂದು, ಬಗ್ಗಿ ನೋಡಿ, "ಸಾರ್, ಉಪ್ಪಿನಕಾಯಿ ಉಳ್ಕಂಡೈತೆ," ಎಂದಳು.

ನಾನು ದಂಗಾದೆ. ಅಲ್ಲಿಗೆ ನನ್ನನ್ನು ಎಳೆದು ತಂದಿದ್ದವನು ಅಕ್ಕನ ಮಗ ಚೇತನ್ ಕುಮಾರ್, ಎಂಜಿನಿಯರಿಂಗ್‌ನಲ್ಲಿ ರ‍್ಯಾಂಕು ಪಡೆದವನು. ಅವತ್ತು ಅವನ ಕಾರು ನಡುದಾರಿಯಲ್ಲಿ ಆಫ್ ಆಗಿ, ಅವನೂ ಫೇಲಾದ. "ಈ ಸಿಸ್ಟಮ್ಮೇ ಸರಿಯಿಲ್ಲ ಮಾಮ," ಎಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಲೆ ಇತ್ತು, ಹಾಕಲಿಲ್ಲ, ಅಷ್ಟೆ.

ವನಜಾಕ್ಷಿ ಎಸ್ಸೆಸ್ಸೆಲ್ಸಿಯನ್ನೂ ದಾಟಿದವಳಲ್ಲ. ಅವಳೂರಿನ ಜಯರಾಮು ಶಾಲೆಯ ಮಕ್ಕಳಿಗೆಂದು ವ್ಯಾನು ಕೊಂಡು, "ಲೈಸೆನ್ಸ್ ತಾರಮ್ಮ, ಡ್ರೈವರ್ ಕೆಲ್ಸ ನಿಂದೇ. ಇಸ್ಕೂಲು ಬಾಗ್ಲು ತೆಗ್ಯೋಗಂಟ ಕಾಯ್ತೀನಿ. ಆಮ್ಯಾಲೆ ಬ್ಯಾರೇರು ಬತ್ತಾರೆ," ಎಂದಿದ್ದನಂತೆ. ಬೇಸಿಗೆಯಿಡೀ ಅವಳು ಬಂದಳು, ಬಂದಾಗಲೆಲ್ಲ ಫೇಲಾದಳು. ಒಮ್ಮೆ ಕಂಬಕ್ಕೆ ಗುದ್ದಿದಳು, ಒಮ್ಮೆ ಕಾಂಪೌಂಡಿಗೆ. ನನ್ನ ಲೈಸೆನ್ಸೂ ನವೀಕರಣಕ್ಕೆ ಬಂದಿದ್ದರಿಂದ ನಾನೂ ಅಲ್ಲಿಗೆ ಅಲೆಯುತ್ತಿದ್ದೆ.

"ಮತ್ತೆ ಬಂದ್ಯಾ ತಾಯಿ? ಲೇ, ನನ್ನ ಡಬ್ಬಿ ಎತ್ತಿಡ್ರೋ!" ಎನ್ನುತ್ತಿದ್ದರು ಇನ್‌ಸ್ಪೆಕ್ಟರು.

"ಬರ್ದೆ ಇರಕ್ಕಾಯ್ತದಾ ಸಾರ್?" ಎಂದು ಅವಳು ನಗುತ್ತಲೇ ಕೂರುತ್ತಿದ್ದಳು.

ಶಾಲೆ ಶುರುವಾಗುವ ವಾರ ಕೊನೆಯ ಪ್ರಯತ್ನ. ಕಾರು ಮುಂದೆ ಹೋಯಿತು, ಹಿಂದೆ ಬಂತು, ಏನನ್ನೂ ಕೊಲ್ಲದೆ ನಿಂತಿತು. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. "ಪಾಸು!" ಎಂದ ಇನ್‌ಸ್ಪೆಕ್ಟರಿಗೇ ತಮ್ಮ ಬಾಯಿಯ ಮೇಲೆ ನಂಬಿಕೆ ಬರಲಿಲ್ಲ. ವನಜಾಕ್ಷಿ ಮಾತ್ರ ಸಿಡಿಲು ಬಡಿದವಳಂತೆ ಸೀಟಿನಲ್ಲೇ ಕೂತಿದ್ದಳು. "ದಿಟವಾಗ್ಲೂನಾ ಸಾರ್?" ಎಂದವಳ ಮುಖ ಬಿಳಿಚಿಕೊಂಡಿತ್ತು. ಆನಂದ ಹೆಚ್ಚಾದರೆ ಹಾಗೇ ಎಂದುಕೊಂಡೆ.

ಬುದ್ಧಿಯೊಂದಿದ್ದರೆ ಸಾಲದು, ಬಿದ್ದ ಮೇಲೆ ಏಳುವ ಗುಣ ಬೇಕು ಎಂದು ಚೇತನನಿಗೆ ತಿಂಗಳುಗಟ್ಟಲೆ ಕೊರೆದೆ. ಸಾಕ್ಷಿ ತೋರಿಸಲು ಅವನನ್ನು ಮಿಡಿಗೇಶಿಗೇ ಕರೆದೊಯ್ದೆ. ವನಜಾಕ್ಷಿ ಮಕ್ಕಳನ್ನಿಳಿಸಿ ಬಂದು ವ್ಯಾನು ತೊಳೆಯುತ್ತಿದ್ದಳು.

"ಅಷ್ಟು ಸಲ ಫೇಲಾದರೂ ಬರ್ತಾನೇ ಇದ್ದೆಯಲ್ಲಮ್ಮ, ಆ ಛಲ ಎಲ್ಲಿಂದ ಬಂತು? ಈ ಹುಡುಗನಿಗೂ ಸ್ವಲ್ಪ ಹೇಳು."

"ಛಲಾನೂ ಇಲ್ಲ ಗಿಲಾನೂ ಇಲ್ಲ ಕಣಣ್ಣ. ಟೆಸ್ಟ್ ಇದ್ದ ದಿನ ನಮ್ಮತ್ತೆ ಒಂದು ಕಡ್ಡೀನೂ ಎತ್ತಿಡು ಅಂತಿರ್ಲಿಲ್ಲ. ಈಗ ವ್ಯಾನೂ ಓಡಿಸ್ಬೇಕು, ಸಗಣೀನೂ ಬಾಚ್ಬೇಕು. ಪಾಸಾಗಿ ಕೆಟ್ಟೆ!"