ಬೇಕೆಂದೇ ತಪ್ಪು ಹೇಳುತ್ತಿದ್ದ ನಮ್ಮ ವಾರಿಜಾ ಮೇಡಂ

ಇಲ್ಲ... ಈ ಸುದ್ದಿ ಸುಳ್ಳಾಗಬೇಕಿತ್ತು.

ಮಧ್ಯಾಹ್ನ ಫೋನ್ ಬಂದಾಗ ನಾನು ರಿಜಿಸ್ಟರಿನಲ್ಲಿ ನಾಳೆಯ ಹೆಸರುಗಳನ್ನು ಬರೆಯುತ್ತಿದ್ದೆ.
ಮೇಡಂನ ತಂಗಿಯ ಮಗಳು.
"ದೊಡ್ಡಮ್ಮ ಹೋದರು ಅಕ್ಕಾ..."
"ಎಲ್ಲಿಗೆ?" ಎಂದು ಕೇಳಿಬಿಟ್ಟೆ.

ಹಾರ್ಟ್ ಅಟ್ಯಾಕ್ ಅಂತೆ.
ಕಾಪು ಹತ್ತಿರದ ಇನ್ನಂಜೆಯ ಮನೆಯಲ್ಲಿ, ಬೆಳಿಗ್ಗೆ ಬಟ್ಟೆ ಒಣಗಿಸುತ್ತಿದ್ದಾಗ...
ಸೈಬರ್‌ನಲ್ಲಿ ಕುಳಿತು ಇದನ್ನು ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ಈ ಗ್ರೂಪಿನಲ್ಲಿರುವ ಹೆಚ್ಚಿನವರಿಗೆ ವಾರಿಜಾ ಮೇಡಂ ಗೊತ್ತಿಲ್ಲ.
ಕಾರ್ಕಳದಲ್ಲಿ, ಮಹಡಿಯ ಮೇಲೆ, ಎರಡು ಕೋಣೆಯ ಕೌನ್ಸೆಲಿಂಗ್ ಸೆಂಟರ್.
ಒಳಗೆ ಅವರು. ಹೊರಗೆ ರಿಜಿಸ್ಟರ್ ಇಟ್ಟುಕೊಂಡು ನಾನು. ಏಳು ವರ್ಷ...

ನಾನು ಓದಿದ್ದು ಪಿಯುಸಿ. ಕೌನ್ಸೆಲಿಂಗ್ ಎಂದರೆ ಬುದ್ಧಿ ಹೇಳುವುದು ಎಂದುಕೊಂಡಿದ್ದೆ.
ಅವರು ಯಾರಿಗೂ ಬುದ್ಧಿ ಹೇಳಲಿಲ್ಲ.
ಬಂದವರ ಮಾತು ಪೂರ್ತಿ ಕೇಳಿ, ತಮಗೆ ತಿಳಿದಷ್ಟನ್ನು ಅವರಿಗೇ ತಿರುಗಿ ಹೇಳುತ್ತಿದ್ದರು.
"ನನಗೆ ಗೊತ್ತಾದದ್ದು ಇಷ್ಟು. ತಪ್ಪಿದ್ದರೆ ಹೇಳಿ, ಆಯ್ತಾ?"

ಆದರೆ ನಮ್ಮವರು ಹೇಳುತ್ತಾರೆಯೇ?
ಓದಿದವರ ಎದುರು ಕುಳಿತು, ನೀವು ಹೇಳಿದ್ದು ತಪ್ಪು ಅನ್ನುವುದುಂಟೇ?
"ಹೌದು ಮೇಡಂ... ಹೌದು ಮೇಡಂ..." ಎಂದು ತಲೆಯಾಡಿಸಿ ಮೆಟ್ಟಿಲು ಇಳಿಯುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ.

ಅದಕ್ಕೇ ಮೇಡಂ ಬೇಕೆಂದೇ ಸಣ್ಣ ಸಣ್ಣ ತಪ್ಪು ಹೇಳಲು ಶುರು ಮಾಡಿದರು.

ನನಗೆ ಮೊದಲು ಅದು ತಿಳಿದಿರಲಿಲ್ಲ.
ಕಾಂಕ್ರೀಟ್ ಕೆಲಸದ ಒಬ್ಬರು ಬಂದಿದ್ದರು. (ಊರುಗಳನ್ನು ಬದಲಿಸಿ ಬರೆದಿದ್ದೇನೆ.)
ನನ್ನ ಮೇಜಿನ ಹತ್ತಿರವೇ ಮೇಡಂ ಕೇಳಿದರು, "ನಿಮ್ಮದು ರಾಯಚೂರಲ್ವಾ?"
ಆತ ಬಾಯಿ ತೆರೆಯುವ ಮೊದಲೇ ನಾನು, "ಅಲ್ಲ ಮೇಡಂ, ಬಾಗಲಕೋಟೆ. ಇಲ್ಲಿ ಬರೆದುಂಟು!"
ಆ ದಿನ ಆತ ಮತ್ತೆ ಬಾಯಿ ತೆರೆಯಲಿಲ್ಲ.

ಸಂಜೆ ಮೇಡಂನಿಂದ ಬೈಗುಳ.
"ಎಂತ ಮಾರಾಯ್ತಿ ನೀನು! ನನ್ನನ್ನು ತಿದ್ದುವ ಕೆಲಸ ಅವರಿಗೆ ಅಂತ ಇಟ್ಟದ್ದು. ನೀನು ಯಾಕೆ ಅಡ್ಡ ಬಂದದ್ದು?"
"ನೀವು ಬೇಕಂತ ಸುಳ್ಳು ಹೇಳ್ತೀರಿ ಅಂತ ನನಗೆಂತ ಗೊತ್ತು ಮೇಡಂ?"
"ಇವತ್ತು ಊರಿನ ಹೆಸರು ತಿದ್ದಿದವರು ನಾಳೆ ಅವರ ಸಂಕಟವನ್ನು ನಾನು ತಪ್ಪು ತಿಳ್ಕೊಂಡ್ರೆ ಅದನ್ನೂ ತಿದ್ದಿ ಹೇಳ್ತಾರೆ, ನೋಡು."

ಮುಂದಿನ ವಾರ ಮೇಡಂ ಆತನ ಮಗಳ ವಯಸ್ಸು ತಪ್ಪು ಹೇಳಿದರು.
"ಇಲ್ರೀ ಮೇಡಂ, ನಾಕಲ್ಲ. ಆರ್ ವರ್ಷ ಆಕಿಗೆ."
ನಾನು ತಲೆ ಬಗ್ಗಿಸಿ ರಿಜಿಸ್ಟರ್ ನೋಡುತ್ತಾ ಕುಳಿತೆ. ನಗು ಬರುತ್ತಿತ್ತು.
ಒಂದು ಗಂಟೆಯ ನಂತರ ಆತ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಮುಖ ಹಗುರವಾಗಿತ್ತು.

ಮೇಡಂ...
ನಾಳೆ ಬರುವ ಆ ಹೆಂಗಸಿಗೆ ನಾನು ಎಂತ ಹೇಳಲಿ?

ಹೆಸರು ಬರೆಯುವುದಿಲ್ಲ. ಊರೂ ಇಲ್ಲ. ಅದು ನೀವು ಕಲಿಸಿದ್ದು.
ಎರಡು ತಿಂಗಳು ವಾರ ವಾರ ಬಂದು ಸುಮ್ಮನೆ ಕುಳಿತು ಹೋದವಳು. ನೀವು ಎಷ್ಟು ತಪ್ಪು ಹೇಳಿದರೂ ಹೌದು ಎಂದವಳು.
ಕಳೆದ ವಾರ ಒಳಗಿನಿಂದ ಒಮ್ಮೆಲೇ ಕೂಗು ಕೇಳಿತು.
"ಹಾಗಲ್ಲ ಮೇಡಂ! ನಿಮಗೆ ಎಂತದೂ ಗೊತ್ತಾಗ್ಲಿಲ್ಲ!"
ನಾನು ಹೆದರಿ ಎದ್ದು ನಿಂತಿದ್ದೆ.

ಅವಳು ಹೋದ ಮೇಲೆ ನೀವು ಬಾಗಿಲಲ್ಲಿ ನಿಂತು ನಗುತ್ತಿದ್ದಿರಿ, ಫಸ್ಟ್ ಕ್ಲಾಸ್ ಬಂದ ಹುಡುಗಿಯ ಹಾಗೆ.
"ಕೇಳಿತಾ? ನನಗೆ ಬೈದಳು ಮಾರಾಯ್ತಿ! ಅದೂ ಈ ಸಲ ನಾನು ಬೇಕಂತ ಹೇಳಿದ್ದಲ್ಲ. ನಿಜವಾಗಿಯೂ ನನ್ನದು ತಪ್ಪಿತ್ತು. ಉಳಿದದ್ದು ಮುಂದಿನ ವಾರ ಹೇಳ್ತಾಳಂತೆ."

ಆ ಮುಂದಿನ ವಾರ ನಾಳೆ...

ಅವಳ ಹತ್ತಿರ ಫೋನ್ ಇಲ್ಲ. ಮನೆಗೆ ಹೇಳಿ ಕಳಿಸುವಂತಿಲ್ಲ, ಅವಳು ಬರುವುದು ಅಲ್ಲಿ ಯಾರಿಗೂ ಗೊತ್ತಿಲ್ಲ.
ಮಣಿಪಾಲದ ಒಬ್ಬ ಡಾಕ್ಟರಿಗೆ ಫೋನ್ ಮಾಡಿದೆ. "ಫೈಲ್ ಕೊಟ್ಟು ಕಳಿಸಿ, ಇಲ್ಲಿ ಬೇರೆಯವರು ನೋಡ್ತಾರೆ" ಎಂದರು. ಒಳ್ಳೆಯವರೇ. ನೋಡಿಯಾರು.
ಅವಳ ಫೈಲ್ ತೆರೆದರೆ ಬರೀ ಬಂದ ತಾರೀಕುಗಳು, ಸಂಕಟದ ಬಗ್ಗೆ ಒಂದು ಸಾಲೂ ಇಲ್ಲ.
ಅಲ್ಲಿಗೆ ಹೋದರೂ ಮತ್ತೆ ಮೊದಲಿನಿಂದ "ಹೌದು ಮೇಡಂ..."

ನನ್ನ ದೊಡ್ಡ ಹೆದರಿಕೆ ಬೇರೆ.
ತಾನು ಬೈದದ್ದಕ್ಕೇ ನೀವು ಹೋದಿರಿ ಎಂದು ಅವಳು ತಿಳಿದುಕೊಂಡರೆ?
ಇನ್ನು ಈ ಜನ್ಮದಲ್ಲಿ ಯಾರ ಎದುರೂ ಬಾಯಿ ತೆರೆಯದಿದ್ದರೆ??

ನಾಳೆ ಹತ್ತಕ್ಕೆ ನಿಮ್ಮನ್ನು ಶವಾಗಾರದಿಂದ ಮನೆಗೆ ತರುತ್ತಾರಂತೆ. ಹನ್ನೊಂದಕ್ಕೆ ದಹನ. ಮುಂಬಯಿಯಿಂದ ನಿಮ್ಮ ತಮ್ಮ ಬರಲಿಕ್ಕುಂಟು.
ಅವಳು ಬರುವುದೂ ಅದೇ ಹೊತ್ತಿಗೆ.
ಸಂಜೆಯಿಂದ ಇನ್ನಂಜೆಯ ಬಸ್ಸುಗಳ ಟೈಮ್ ನೋಡಿ ನೋಡಿ ಸಾಕಾಯಿತು ಮೇಡಂ. ಎರಡೂ ಕಡೆ ಮುಟ್ಟುವ ಹಾಗೆ ಯಾವ ಬಸ್ಸೂ ಇಲ್ಲ.

ಅಮ್ಮ ಫೋನಿನಲ್ಲಿ ಬೈಯುತ್ತಿದ್ದಾರೆ.
"ಏಳು ವರ್ಷ ಒಟ್ಟಿಗೆ ಇದ್ದವರ ಮುಖ ನೋಡ್ಲಿಕ್ಕೆ ಹೋಗುವುದಿಲ್ವಾ ನೀನು? ಜನ ಎಂತ ಹೇಳಿಯಾರು?"

ಹೇಳಲಿ.

ನಾನು ಬರುವುದಿಲ್ಲ ಮೇಡಂ.
ಅವಳು ಬಸ್ಸಿಳಿಯುವಲ್ಲಿ ನಿಲ್ಲುತ್ತೇನೆ. ಬಾಗಿಲಿನ ಬೀಗ ನೋಡಿ, ಕೆಳಗಿನ ಅಂಗಡಿಯವರ ಬಾಯಿಂದ ಅವಳಿಗೆ ಇದು ತಿಳಿಯಬಾರದು.
ಮೇಲೆ ಕರೆದುಕೊಂಡು ಹೋಗಿ ಕೂರಿಸುತ್ತೇನೆ.
ಆಮೇಲೆ...
ನಾನು ಕೌನ್ಸೆಲರ್ ಅಲ್ಲ. ಎಂತ ಮಾತಾಡಬೇಕೆಂದು ಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ.
ಒಂದನ್ನು ಮಾತ್ರ ಹೇಳುತ್ತೇನೆ. ಅವಳು ಬೈದ ದಿನ ನೀವು ಎಷ್ಟು ಖುಷಿಯಲ್ಲಿ ಮನೆಗೆ ಹೋದಿರಿ ಎಂದು.

ಫ್ರೆಂಡ್ಸ್, ಕಾಪು ಕಡೆಯವರು ಯಾರಾದರೂ ನಾಳೆ ಇನ್ನಂಜೆಗೆ ಹೋಗುವುದಾದರೆ ನನ್ನದೂ ಒಂದು ಹೂವು ಇಡಿ. ಪ್ಲೀಸ್.

ಹೋಗಿ ಬನ್ನಿ ಮೇಡಂ...
ಊರಿನವರ ಸಂಕಟವನ್ನೆಲ್ಲ ಕೇಳಿ ದಣಿದ ಜೀವ ನಿಮ್ಮದು.
ಹೋದಲ್ಲಿ ನಿಮಗೆ ಶಾಂತಿ ಇರಲಿ.