ದೇಜಪ್ಪನ ಬೆಳಗಿನ ನಮಸ್ಕಾರ

ಡೊಂಬಿವಲಿಯ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದೋಸೆ ಎರೆದ ದೇಜಪ್ಪನಿಗೆ, ಆ ಕಟ್ಟಡ ಕೆಡವಿದ ಮೇಲೆ ಸಿಕ್ಕಿದ್ದು ಮಹಾಪೆಯ ಪ್ರಯೋಗಾಲಯದ ಕೆಲಸ. ಗ್ರಾಫೈಟಿನ ಚೂರಿಗೆ ಅಂಟುಪಟ್ಟಿ ಒತ್ತಿ ಸುಲಿಯಬೇಕು, ಮತ್ತೆ ಒತ್ತಿ ಮತ್ತೆ ಸುಲಿಯಬೇಕು. ಕೊನೆಗೆ ಒಂದೆರಡು ಪರಮಾಣುವಿನಷ್ಟೇ ದಪ್ಪದ ಪದರ ಉಳಿಯಬೇಕು. ಅದೇ ಗ್ರಾಫೀನ್. ದೊಡ್ಡ ದೊಡ್ಡ ಓದು ಓದಿದವರ ಕೈ ನಡುಗಿದಲ್ಲಿ ಇವನ ಕೈ ನಡುಗಲಿಲ್ಲ. ಹರಿಯದಂತೆ ಎಬ್ಬಿಸುವುದು ಅವನಿಗೇನು ಹೊಸ ವಿದ್ಯೆಯೇ?

ಅವನು ಸುಲಿದ ಜೋಡಿ ಪದರಕ್ಕೆ ತಂತಿ ಕೂಡಿಸಿ, ತಣಿಸಿದ ಸ್ಟೀಲಿನ ಪೆಟ್ಟಿಗೆಯೊಳಗೆ ಇಡುವವಳು ಮಾನಸಿ, ಥಾಣೆ ಊರಲ್ಲೇ ಹುಟ್ಟಿ ಬೆಳೆದ ತುಳುವರ ಹುಡುಗಿ. ಮೇಲಿನಿಂದಲೂ ಕೆಳಗಿನಿಂದಲೂ ವೋಲ್ಟೇಜ್ ಕೊಟ್ಟಾಗ ಪದರದೊಳಗೆ ಓಡುವ ಎಲೆಕ್ಟ್ರಾನುಗಳು ನಿಲ್ಲಬೇಕು, ತೆಗೆದಾಗ ಓಡಬೇಕು. ಅದನ್ನು ಅವಳು ಮಾಡಿ ತೋರಿಸಬೇಕಿತ್ತು. ಆದರೆ ಸಂಜೆ ಸರಿಯಿದ್ದದ್ದು ಬೆಳಿಗ್ಗೆ ಸತ್ತಿರುತ್ತಿತ್ತು. ಶುಕ್ರವಾರದೊಳಗೆ ಆಗದಿದ್ದರೆ ಯೋಜನೆ ಬಂದ್ ಎಂದು ಪ್ರಯೋಗಾಲಯದ ಸಾಹೇಬರು ಹೇಳಿಯಾಗಿತ್ತು.

"ಮೇರಾ ಹೀ ಹಾಥ್ ಖರಾಬ್ ಹೈ ಮಾಮಾ," ಎಂದು ತನ್ನ ಕೈಯನ್ನೇ ದೂರಿ ಅವಳು ಮುಖ ಮುಚ್ಚಿಕೊಂಡಳು. "ನಾಲ್ಕನೇದೂ ಸುಟ್ಟುಹೋಯ್ತು. ಮೈಯಿಂದ ಕರೆಂಟ್ ಹೊಡೆದ ಹಾಗಿದೆ. ಪಟ್ಟಿ ಕಟ್ಕೊಳ್ದೆ ಮುಟ್ಟಿದೆನೋ ಏನೋ."

ಮೈಯ ಕರೆಂಟನ್ನು ನೆಲಕ್ಕಿಳಿಸುವ ಪಟ್ಟಿಯದು. ಮಣಿಕಟ್ಟಿಗೆ ಕಟ್ಟದೆ ಯಾರೂ ಏನನ್ನೂ ಮುಟ್ಟುವಂತಿರಲಿಲ್ಲ.

ದೇಜಪ್ಪ ತನ್ನ ಬೆರಳ ತುದಿಗಳನ್ನು ನೋಡಿಕೊಂಡ. ಹೋಟೆಲಿನಲ್ಲಿ ಕಾವಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಒಲೆ ಹಚ್ಚಿದವನಲ್ಲ ಅವನು. ಇಲ್ಲಿಯೂ ಬಂದೊಡನೆ, ಪಟ್ಟಿ ಕಟ್ಟುವ ಮೊದಲೇ, ಪೆಟ್ಟಿಗೆಗೂ ಅದರಿಂದ ಹೊರಬಂದ ತಂತಿಗಳ ತುದಿಗೂ ಮುಟ್ಟಿ ನಮಸ್ಕಾರ. ಬೆಳಿಗ್ಗೆ ಬೆರಳು ಚುರ್ ಎಂದದ್ದನ್ನು ದೈವದ ಅಪ್ಪಣೆಯೆಂದುಕೊಂಡಿದ್ದ ಪುಣ್ಯಾತ್ಮ!

ಐವತ್ತೇಳನೇ ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಬಾಯಿಬಿಡದಿದ್ದರೆ ಯಾರಿಗೂ ತಿಳಿಯದು. ಮಧ್ಯಾಹ್ನದವರೆಗೆ ಗ್ರಾಫೈಟ್ ಸುಲಿಯುತ್ತಲೇ ಕುಳಿತ. ಊಟದ ಡಬ್ಬಿ ಬಿಚ್ಚಿ, ಹಾಗೆಯೇ ಮುಚ್ಚಿಟ್ಟ. ಮಾನಸಿ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅದನ್ನು ನೋಡಲು ಅವನಿಂದಾಗಲಿಲ್ಲ.

"ನಿನ್ನ ಕೈ ಅಲ್ಲ ಮಾರಾಯ್ತಿ, ನನ್ನದು," ಎಂದು ಎಲ್ಲವನ್ನೂ ಹೇಳಿಬಿಟ್ಟ. "ದಿನಾ ಮುಟ್ಟಿ ಮುಟ್ಟಿ ನಾನೇ ಕೊಂದದ್ದು."

ಅವಳು ಕೈಯಲ್ಲಿದ್ದ ಪುಸ್ತಕವನ್ನು ದಡ್ಡನೆ ಚೀಲಕ್ಕೆ ತುರುಕಿದಳು. ಎರಡು ತಿಂಗಳ ದುಡಿಮೆ ಹೋಗಿತ್ತು. ಸಿಟ್ಟು ಬಂದೇ ಬಂದಿತ್ತು. ಆಮೇಲೆ ಚೀಲ ಕೆಳಗಿಟ್ಟಳು.

"ಇನ್ನೊಂದು ಸುಲಿದು ಕೊಡ್ತೀರಾ ಮಾಮಾ?"

ಶುಕ್ರವಾರ ಬೆಳಿಗ್ಗೆ ದೇಜಪ್ಪ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತ. ಮಾನಸಿ ಹೊಸ ಪದರಕ್ಕೆ ವೋಲ್ಟೇಜ್ ಏರಿಸಿದಳು; ಅದರ ಕರೆಂಟ್ ತೋರಿಸುವ ಮೀಟರಿನ ಅಂಕೆ ಇಳಿಯುತ್ತ ಇಳಿಯುತ್ತ ಸೊನ್ನೆಯ ಹತ್ತಿರ ಬಂತು. ತಗ್ಗಿಸಿದಳು, ಮತ್ತೆ ಏರಿತು. ಅವಳು ಎದ್ದು ಬಂದು ಅವನ ಮಣಿಕಟ್ಟಿಗೆ ತಾನೇ ಪಟ್ಟಿ ಕಟ್ಟಿದಳು.

"ಈಗ ಮಾಡಿ ಮಾಮಾ, ನಮಸ್ಕಾರ."

ಅವನು ಪೆಟ್ಟಿಗೆಯತ್ತ ಕೈ ಚಾಚಿದ. ಮುಟ್ಟಿ ಕಣ್ಣಿಗೊತ್ತಿಕೊಂಡ; ಈ ಸಲ ಬೆರಳು ಚುರ್ ಎನ್ನಲಿಲ್ಲ.