ಎಂಟು ಒಲೆ, ಎಂಟು ಬಟ್ಟಲು

ನನ್ನ ಮೊಮ್ಮಗಳನ್ನು ಅಳಿಸಿದವನ ಮೇಲೆ ನನಗಿನ್ನೂ ಸಿಟ್ಟಿದೆ. ಅವಳು ಗೆದ್ದಳು, ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೂ ಸಿಟ್ಟು ಸಿಟ್ಟೇ.

ಸಿಂದಗಿಯ ನಮ್ಮ ಮನೆಯಿಂದ ದಿನಾ ಬಸ್ಸು ಹತ್ತಿ ವಿಜಯಪುರಕ್ಕೆ ಇಂಜಿನಿಯರಿಂಗ್ ಓದಲು ಹೋಗುತ್ತಾಳೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನಲ್ ಎಂಬ ಯಜಮಾನ ಇದ್ದಾನಂತೆ, ಅವನ ಕೈಕೆಳಗೆ ಎಂಟು ಪ್ರೊಸೆಸರುಗಳು. ಯಾವ ಕೆಲಸ ಎಷ್ಟು ಸಲ ಆಯಿತೆಂದು ಅವು ಎಣಿಸುತ್ತಿರಬೇಕು. ಇವಳು ಬರೆದ ಪ್ರೋಗ್ರಾಮಿನಲ್ಲಿ ಎಂಟೂ ಸೇರಿದರೂ ಒಂದರಷ್ಟು ಓಟವಿಲ್ಲ. "ಸೋಮವಾರದೊಳಗ ಓಡಲಿಲ್ಲಂದ್ರ ಪ್ರಾಜೆಕ್ಟ್ ಬದಲ ಮಾಡು. ಹೆಣ್ಣಮಕ್ಕಳಿಗೆ ಯಾಕ ಬೇಕು ಕರ್ನಲ್?" ಎಂದಿದ್ದನಂತೆ ಕಾಲೇಜಿನ ಮಾಸ್ತರ. ಅಳುತ್ತಲೇ ಮನೆಗೆ ಬಂದಳು.

"ಹೆಂಗ ಎಣಸ್ತಾವು, ಹೇಳು ನೋಡೂಣ," ಎಂದೆ.

"ಮೊದಲ ಒಂದ ಕಡೆ ಅಂಕಿ ಇಟ್ಟಿದ್ದೆ, ಆಯಿ. ಎಲ್ಲಾ ಅಲ್ಲೇ ಬಂದು ಕೂಡಸ್ತಿದ್ವು. ಒಂದು ಮುಗಸೂತನ ಉಳದಾವು ಕಾಯ್ತಿದ್ವು."

ನನಗೆ ಮೈಯೆಲ್ಲ ಉರಿಯಿತು. ನಾನು ದುಡಿದ ರೊಟ್ಟಿ ಕೇಂದ್ರದ ಮಾಲಕನೂ ಹೀಗೇ ಮಾಡಿದ್ದ. ಎಂಟು ಒಲೆ, ಎಂಟು ಹೆಂಗಸರು, ಗೋಡೆಯ ಹತ್ತಿರ ಒಂದೇ ಇದ್ದಿಲು. ಒಂದು ರೊಟ್ಟಿ ಆದರೆ ಎದ್ದು ಹೋಗಿ ಗೋಡೆಗೆ ಒಂದು ಗೆರೆ ಎಳೆಯಬೇಕು. ನಾವು ಇದ್ದಿಲಿಗೆ ಸಾಲು ನಿಂತಾಗ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ಬೈಗುಳವೂ ನಮಗೇ. ಒಂದು ದಿನ ಆ ಇದ್ದಿಲನ್ನು ಒಲೆಗೆ ಎಸೆದೆ. "ಒಬ್ಬೊಬ್ಬಾಕಿಗೆ ಒಂದೊಂದು ಬಟ್ಟಲಾ, ರೊಟ್ಟಿಗೊಂದು ಹುಣಸಿ ಬೀಜ. ನೀವು ಕೇಳಿದಾಗ ಕೂಡಿಸಿ ಹೇಳ್ತೇವ್ರಿ!" ಎಂದಿದ್ದೆ ಮಾಲಕನಿಗೆ. ಅದನ್ನೇ ಇವಳಿಗೂ ಹೇಳಿದೆ.

"ಅದನ್ನೂ ಮಾಡೇನಿ, ಆಯಿ," ಎಂದು ಮೊಮ್ಮಗಳು ಕಣ್ಣೊರೆಸಿಕೊಂಡಳು. "ಎಂಟಕ್ಕೂ ಬ್ಯಾರೆ ಬ್ಯಾರೆ ಅಂಕಿ. ಆದ್ರೂ ಓಡವಲ್ದು."

"ಬಟ್ಟಲಾ ಎಲ್ಲಿಟ್ಟಿ?"

"ಒಂದರ ಮಗ್ಗಲಕ್ಕ ಒಂದು."

"ನಾವೂ ಅದ ಹುಚ್ಚತನ ಮಾಡಿದ್ವಿ! ಎಂಟೂ ಬಟ್ಟಲಾ ಒಂದ ತಾಟಿನ್ಯಾಗ. ಒಬ್ಬಾಕಿ ತಾಟ ಎಳಕೊಂಡ್ರ ಏಳು ಮಂದಿ ಬಟ್ಟಲಾ ಆಕಿ ಕಡೆ ಹೋಗ್ತಿದ್ವು. ಅವರವರ ಬಟ್ಟಲಾ ಅವರವರ ಒಲಿ ಮುಂದ ಇಡು, ಹುಚ್ಚಿ!"

"ಹೌದಲ್ಲ, ಪ್ರೊಸೆಸರೂ ಮಗ್ಗಲದ ಅಂಕಿ ಎಲ್ಲಾ ಒಟ್ಟಿಗೆ ಎಳಕೋತಾವು!" ಎಂದು ಅವಳು ಎದ್ದು ಕೂತಳು. "ನಡುವ ಯಾರರ ಲೆಕ್ಕ ಕೇಳಿದ್ರ?"

"ಒಂದೆರಡು ಹೆಚ್ಚು ಕಡಿಮಿ ಆದೀತು. ರೊಟ್ಟಿ ಅಂತೂ ಕರಕಾಗೂದಿಲ್ಲಲ್ಲ."

ಅಂಕಿಗಳನ್ನು ದೂರ ದೂರ ಇಟ್ಟು ಬರೆದಳು. ಸೋಮವಾರ ಮಾಸ್ತರನ ಎದುರೇ ಓಡಿತು, ಎಂಟೂ ತಮ್ಮ ಪಾಡಿಗೆ. ಯಾರು ಹೇಳಿಕೊಟ್ಟರೆಂದು ಕೇಳಿದನಂತೆ. "ನಮ್ಮ ಆಯಿ ರೀ, ಮೂರನೇ ಕ್ಲಾಸಿಗೇ ಸಾಲಿ ಬಿಟ್ಟಾರ," ಎಂದಳಂತೆ. ಅವನು ನಂಬದೆ ನಕ್ಕನಂತೆ!

ಅಂದು ಓಣಿಗೆಲ್ಲ ಬಿಸಿ ರೊಟ್ಟಿ ಹಂಚಿದೆ. ಮರುದಿನ ಮೊಮ್ಮಗಳು, ಮಾಸ್ತರರಿಗೂ ಎರಡು ಕಟ್ಟಿಕೊಡು ಎಂದಳು.

"ಕರಕಾಗಿದ್ದು ಒಂದು ಐತಿ," ಎಂದೆ. "ಒಯ್ಯಿ."